ಏಳನೆಯ ಡಬ್ಬಿ

ರಾಸ್ ಅಲ್ ಖೈಮಾದ ಸಿಮೆಂಟ್ ಫ್ಯಾಕ್ಟರಿಯಲ್ಲಿ ನನ್ನ ಕೆಲಸ
ಜರಡಿ ಹಿಡಿಯುವುದು, ತೂಗುವುದು,
ಹಿಡಿ ಹಿಡಿ ಪುಡಿಗೂ ಒಂದು ನಂಬರು ಕೊಡುವುದು.
ಅದಕ್ಕೇ ಇರಬೇಕು, ಕೆಲಸ ಬಿಟ್ಟು ಹೋಗುವ ದಿನ ಫ್ಲೊರೆನ್ಸಿಯೊ
ಲಕೋಟೆಯನ್ನು ನನ್ನ ಕೈಯಲ್ಲಿಟ್ಟ.
ಕುಲುಮೆಯ ಫೋರ್‌ಮನ್, ಬೊಲಿವಿಯಾದವ,
ಕ್ಯಾಂಟೀನಿನ ಸಾರಿಗೆ ಜೇಬಿನಿಂದ ಏನೋ ಉದುರಿಸಿಕೊಂಡೇ
ಹನ್ನೊಂದು ವರ್ಷ ಉಂಡವನು.

ಏಳು ಪೊಟ್ಟಣ. ಆರರ ಮೇಲಿನ ಬರಹ
ಅವನ ಬೆವರಿಗೇ ಅಳಿಸಿಹೋಗಿತ್ತು.
ಏಳನೆಯದರ ಮೇಲೆ ಎರಡು ಪದ ಉಳಿದಿದ್ದವು.
ನನಗೆ ಬಾರದ ಭಾಷೆ.

ಅಕ್ಟೋಬರ್. ತಾರಸಿಯ ಮೇಲೆ ಖಾಲಿ ಪೇಂಟಿನ ಡಬ್ಬಿಗಳು,
ತಳಕ್ಕೆ ಮೊಳೆ ಹೊಡೆದ ತೂತು.
ಏಸಿ ತೊಟ್ಟಿಕ್ಕುವ ನೀರಿನಲ್ಲಿ ಏನೂ ಇಲ್ಲ,
ಟ್ಯಾಂಕರಿನದರಲ್ಲಿ ಬೇಡದ್ದೆಲ್ಲ ಇದೆ.
ಎರಡನ್ನೂ ಬೆರೆಸಿ, ಆಡಿನ ಹಿಕ್ಕೆ ನೆನೆಸಿ ಹೊಯ್ದೆ.

ಮೊದಮೊದಲು ಎಲ್ಲ ಎಲೆಯೂ ಒಂದೇ.
ನಮ್ಮ ಮನೆಯಲ್ಲಿ ಮೆಣಸಿಗೆ ಮೂರೇ ಜಾತಿ:
ಉದ್ದದ್ದು, ಗಿಡ್ಡದ್ದು, ಅಪ್ಪನ ಊಟಕ್ಕೆ ಸೂಜಿಯದು.
ಇವು ಹೂ ಬಿಡುವ ತನಕ ಬಾಯಿಬಿಡುವ ಪೈಕಿಯಲ್ಲ.

ಡಿಸೆಂಬರಿನಲ್ಲಿ ಗಡಿಯಾರ ರಿಪೇರಿಯವನ ಮಸೂರ
ಕಣ್ಣಿಗೆ ಸಿಕ್ಕಿಸಿ ಮಂಡಿಯೂರಿದೆ.
ಎರಡನೆಯ ಡಬ್ಬಿ: ಬಿಳಿ ಎಸಳಿನ ಬುಡಕ್ಕೆ
ಹಸಿರು ಹಳದಿ ಚುಕ್ಕೆ, ಜೋಡಿ ಜೋಡಿ,
ಸಾಸಿವೆ ಅರೆದ ಬೆರಳನ್ನು ಯಾರೋ ಒರೆಸಿಹೋದ ಹಾಗೆ.
ಚುಕ್ಕೆಯಿದ್ದರೆ ಅದು ಅಹೀ ಬಳಗ. ಬರೆದುಕೊಂಡೆ.
ಐದನೆಯದಕ್ಕೆ ಮೈತುಂಬ ತುಪ್ಪುಳು, ಎಲೆಯೋ ಕರುವಿನ ಕಿವಿ,
ಹೂವು ಬದನೆಯ ನೇರಳೆ.
ಬಿತ್ತುವಾಗಲೇ ಬೀಜ ಕಪ್ಪಗಿತ್ತು,
ಕೆಟ್ಟಿದೆ ಎಂದು ಎಸೆಯಲಿದ್ದೆ.
ಕಪ್ಪು ಬೀಜದ್ದು ಲೊಕೋಟೊ ಒಂದೇ, ಲೋಕದಲ್ಲಿ.
ಆರನೆಯದು ಉಲುಪಿಕಾ, ಕಾಡಿನದು, ಒಳ್ಳೆಮೆಣಸಿನಷ್ಟೇ ಹಣ್ಣು.
ಕೆಂಪಾದ ಬೆಳಿಗ್ಗೆಯೇ ಪಿಕಳಾರ ಬಂದು ಮುಗಿಸಿತು.
ಹಕ್ಕಿಗೆ ಖಾರ ತಿಳಿಯುವುದಿಲ್ಲವಂತೆ.
ನನ್ನ ಹೊಟ್ಟೆಯುರಿಯೂ ತಿಳಿಯಲಿಲ್ಲ.

ಏಪ್ರಿಲಿಗೆ ಲೊಕೋಟೊ ಹೂವನ್ನೆಲ್ಲ ಉದುರಿಸಿ ಮುಖ ತಿರುಗಿಸಿತು.
ಅದಕ್ಕೆ ಬೇಕಾದದ್ದು ಮೋಡ, ಎತ್ತರ.
ಕಲ್ಲು ತರುವ ಲಾರಿಯ ಸುಹೈಲ್ ಶಿಹ್ಹಿ
ಪಕ್ಕದ ಸೀಟಿನಲ್ಲಿ ಕೂರಿಸಿ, ಬೆಲ್ಟು ಬಿಗಿದು,
ಬೆಟ್ಟದ ಮೇಲಿನ ತನ್ನ ತಾಯಿಯ ಮನೆಗೆ ಒಯ್ದ.
ನವೆಂಬರಿನಲ್ಲಿ ಖರ್ಜೂರದ ತಗಡಿನೊಳಗೆ
ಕೆಂಪನೆಯ ಎಂಟು ಬಂದವು. ಒಂಬತ್ತಿದ್ದವಂತೆ.
ಸೇಬೆಂದು ಕಚ್ಚಿದ ಮುದುಕಿ
ಮೂರು ದಿನ ನನ್ನ ವಂಶವನ್ನೇ ಬೈದಳಂತೆ,
ನಾಲ್ಕನೆಯ ದಿನ ಗಿಡಕ್ಕೆ ನೆರಳು ಕಟ್ಟಿದಳಂತೆ.

ಉಳಿದದ್ದು ಏಳನೆಯದು.
ಚುಕ್ಕೆಯಿಲ್ಲ, ತುಪ್ಪುಳಿಲ್ಲ, ಯಾವ ಲೆಕ್ಕಕ್ಕೂ ಸಿಗದು.
ಗಿಣಿಮೂತಿ ಕಾಯಿ, ಹಳೆ ಇಟ್ಟಿಗೆಯ ಬಣ್ಣ.
ಫ್ಲೊರೆನ್ಸಿಯೊನ ನಂಬರು ಬರೀ ರಿಂಗಾಗಿ ಸುಮ್ಮನಾಗುತ್ತಿತ್ತು.
ಆ ಎರಡು ಪದ ಬರೆದ ಚೀಟಿಯನ್ನು ಒಂದು ಮಧ್ಯಾಹ್ನ
ಕ್ಯಾಂಟೀನಿನ ನೆನಿತಾ ಅನ್ನದ ಸೌಟು ಹಿಡಿದೇ ಓದಿದಳು:
'ದೆ ತಿಯಾ. ತಿಯಾ ನಮ್ಮ ಮನಿಲಾದಲ್ಲೂ ತಿಯಾನೇ.
ಅಮ್ಮನ ತಂಗಿ.' ತಡೆದು, 'ಅಕ್ಕನೂ.
ಅಪ್ಪನ ಕಡೆಯವಳೂ.'

ಅವರ ಎರಡು ಪದಕ್ಕೆ ನಮ್ಮಲ್ಲಿ ಒಂದೇ ಸಾಕು,
ಆದರೆ ಯಾವುದು?
ಚಿಕ್ಕಮ್ಮನದೋ, ದೊಡ್ಡಮ್ಮನದೋ, ಅತ್ತೆಯದೋ?
ಎಸಳಿಗೆ ಚುಕ್ಕೆ ಎಣಿಸಿದವನು
ಕನ್ನಡದಲ್ಲಿ ಒಬ್ಬ ಹೆಂಗಸನ್ನು ಗುರುತಿಸಲಾರದೆ
ಅನ್ನದ ತಟ್ಟೆ ಹಿಡಿದು ನಿಂತೆ.

ರಾತ್ರಿ ಒಂದನ್ನು ಉಪ್ಪು ಸವರಿ ಕಚ್ಚಿದೆ.
ಮೊದಲು ಮಾವಿನ ಸೊನೆಯ ವಾಸನೆ. ಸಿಹಿಯೇ ಅನ್ನಿ.
ಖಾರವೇ ಇಲ್ಲ ಎಂದುಕೊಂಡು ಇನ್ನೊಂದು ತುಂಡು.
ನೀರಿನ ಲೋಟ ತೊಳೆದಿಡುವ ಹೊತ್ತಿಗೆ
ಹಿಂದಿನಿಂದ ಬಂದು ಕಿವಿ ಹಿಂಡಿತು.
ಇದು ಅತ್ತೆ. ಅನುಮಾನವೇ ಇಲ್ಲ,
ನಮ್ಮ ಗುಲಾಬತ್ತೆ ನಗುನಗುತ್ತಲೇ
ಮಗ್ಗಿ ಕೇಳುತ್ತಿದ್ದದ್ದು ಹೀಗೆಯೇ.

ಬೀಜಗಳನ್ನು ಲ್ಯಾಬಿನ ಸೋಸು ಕಾಗದದ ಮೇಲೆ ಒಣಗಿಸಿ
ಏಳು ಪೊಟ್ಟಣ ಕಟ್ಟಿದೆ.
ಹೆಸರನ್ನು ಈ ಸಲ ಪೆನ್ಸಿಲಿನಲ್ಲಿ ಬರೆದೆ.
ಪೆನ್ಸಿಲು ಬೆವರಿಗೆ ಹೋಗುವುದಿಲ್ಲ.